ಬೇಜಾರ್ ಯಾಕ್ರಿ

ನನಗೆ ಕಾಯಿಲೆ ಇದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ಆದರೆ ನಾನೊಂದು ಸಂಶೋಧನೆಯಲ್ಲಿ ಪಾಲುದಾರಳು ಎಂದು ಹೇಳಿಕೊಳ್ಳಲು ಮೊದಮೊದಲು ಬಹಳ ನಾಚಿಕೆಯಾಗುತ್ತಿತ್ತು. ನಾನು ಚನ್ನಗಿರಿಯಲ್ಲಿ ತಾಲ್ಲೂಕು ಕಚೇರಿಯ ಎದುರಿನ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುವವಳು. ಅರ್ಜಿ, ಲಗ್ನಪತ್ರಿಕೆ, ತಿಥಿ ಕಾರ್ಡು, ಏನು ಕೊಟ್ಟರೂ ಸರಿ. ಕಾಲೇಜಿಗೆ ಹೋಗುತ್ತಿದ್ದ ವಯಸ್ಸಿನಲ್ಲಿ ನನ್ನ ತಲೆಯೊಳಗೆ ಯಾರೋ ಮಾತನಾಡಲು ಶುರುಮಾಡಿದರು. ಗುಳಿಗೆ ಶುರುವಾದ ಮೇಲೆ ದೂರ ಹೋದರು. ಈಗಲೂ ಒಮ್ಮೊಮ್ಮೆ ಪಕ್ಕದ ಮನೆಯ ರೇಡಿಯೋ ಹಾಗೆ ಕೇಳಿಸುತ್ತಾರೆ. ಅವರ ಪಾಡಿಗೆ ಅವರು, ನನ್ನ ಪಾಡಿಗೆ ನಾನು.

ನನ್ನನ್ನು ನೋಡಿಕೊಳ್ಳುವವಳು ಅಕ್ಕ. ಬಸವಾಪಟ್ಟಣಕ್ಕೆ ಮದುವೆಯಾಗಿ ಹೋಗಿದ್ದವಳು ಭಾವ ತೀರಿಕೊಂಡ ಮೇಲೆ ವಾಪಸು ಬಂದಳು. ಅಮ್ಮ ಹೋಗುವಾಗ ನನ್ನನ್ನು ಅವಳ ಕೈಗೆ ಒಪ್ಪಿಸಿ ಹೋದಳು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ, ಆಮೇಲೆ ಮನೆ. ಅವಳದ್ದು ಕಡಿಮೆ ಮಾತು. ದಿನಾ ಸಂಜೆ ತಪ್ಪದೆ ಕೇಳುವುದು ಒಂದೇ: “ಗುಳಿಗೆ ನುಂಗಿದ್ಯಾ?” ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನುಂಗಿದ್ದರೂ ಒಂದೊಂದು ದಿನ ಬೇಕೆಂದೇ ಉತ್ತರ ಕೊಡುವುದಿಲ್ಲ.

ತಾಲ್ಲೂಕು ಆಸ್ಪತ್ರೆಗೆ ತಿಂಗಳಿಗೊಮ್ಮೆ ಮನೋವೈದ್ಯರ ತಂಡವೊಂದು ಬರುತ್ತದೆ. ಅದರ ಮುಖ್ಯಸ್ಥರು ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಒಬ್ಬ ಹೆಂಗಸು. ಒಂದು ಸಲ ಗುಳಿಗೆ ಬರೆದುಕೊಟ್ಟ ಮೇಲೂ ನನ್ನನ್ನು ಕೂರಿಸಿಕೊಂಡರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಮಾನಸಿಕ ಕಾಯಿಲೆ ಇರುವವರ ಮನೆಗಳಲ್ಲಿ ತಾವೊಂದು ಅಧ್ಯಯನ ಮಾಡುತ್ತಿರುವುದಾಗಿ ಹೇಳಿದರು. ಕಾಯಿಲೆ ಇದ್ದವರೂ ನೋಡಿಕೊಳ್ಳುವವರೂ ಬರೀ ಉತ್ತರ ಕೊಟ್ಟರೆ ಸಾಲದು, ಏನು ಕೇಳಬೇಕು, ಹೇಗೆ ಕೇಳಬೇಕು ಎಂಬುದರಲ್ಲೂ ಅವರ ಮಾತು ನಡೆಯಬೇಕು ಎಂದರು. “ಪಾಲುದಾರರಾಗಿ ಬರ್ತೀರಾ?” ಎಂದು ಕೇಳಿದರು. ಟೈಪ್ ಮಾಡುವಾಗ ಎಷ್ಟೋ ಕರಾರು ಪತ್ರಗಳಲ್ಲಿ ಆ ಪದ ಹೊಡೆದಿದ್ದೇನೆ. ನನ್ನನ್ನೇ ಯಾರೂ ಹಾಗೆ ಕರೆದಿರಲಿಲ್ಲ.

ಮನೆಗೆ ಬಂದು ಹೇಳಿದಾಗ ಅಕ್ಕ ಅಕ್ಕಿ ಆರಿಸುತ್ತಾ ಕೂತಿದ್ದಳು.

“ಪಾಲುದಾರ್ಳು ಅಂದ್ರೆ? ಅಡಿಕೆ ತ್ವಾಟದ ಫಸಲು ಖೇಣಿಗೆ ಹಿಡಿಯಾಕೆ ನಾಕ್ ಜನ ಪಾಲಿಗೆ ಕೂಡ್ತಾರಲ್ಲ, ಹಂಗಾ?”

“ಹಂಗೇ ಅನ್ಕ.”

“ಲಾಸಾದ್ರೆ ನಮ್ಮನ್ನೇ ಹಿಡೀತಾರೆ, ನೋಡ್ಕಾ.”

ನಾವು ಪಾಲುದಾರರು ಸೇರುವ ಹೊತ್ತಿಗೆ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಮೊದಲ ಸುತ್ತು ಮುಗಿದೇ ಹೋಗಿತ್ತು. ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ಟೈಪ್ ಮಾಡಿಸಲು ಬಂದಂತೆ ಎಂದು ನಾನು ಗೊಣಗಿದೆ. ಆದರೂ ಹೋಗಲು ಒಪ್ಪಿಕೊಂಡೆ, ಏಕೆಂದರೆ ಆ ಅಧ್ಯಯನದ ಹಿಂದೆ ಒಂದು ಯೋಜನೆ ಇತ್ತು. ವಾರಕ್ಕೊಂದು ಮಧ್ಯಾಹ್ನ, ತರಬೇತಿ ಪಡೆದ ಊರಿನವರೇ ಯಾರಾದರೂ ಮನೆಗೆ ಬಂದು ಕಾಯಿಲೆಯವರ ಜೊತೆ ಕೂರುವುದು. ಅಷ್ಟು ಹೊತ್ತು ನೋಡಿಕೊಳ್ಳುವವರಿಗೆ ಬಿಡುವು. ನೋಡಿಕೊಳ್ಳುವವರು ನಿಜಕ್ಕೂ ಬಳಲಿದ್ದಾರೆ ಎಂದು ಅಧ್ಯಯನದಲ್ಲಿ ಕಂಡರೆ ಈ ಯೋಜನೆ ನಡೆಯುತ್ತದೆ, ಇಲ್ಲವಾದರೆ ಇಲ್ಲ. ನನ್ನನ್ನು ಕಾಯಲು ಒಬ್ಬಳು ಬಂದು ಕೂರುತ್ತಾಳೆ ಎಂಬ ಯೋಚನೆಗೇ ನನಗೆ ಮೈಯೆಲ್ಲ ಉರಿಯಿತು. ಆದರೆ ಅಕ್ಕನಿಗೆ ಒಂದು ಮಧ್ಯಾಹ್ನ ಸಿಗುತ್ತದೆ. ನಾನು ಅಂಗಡಿಯಲ್ಲಿದ್ದಾಗಲೂ ಯಾವಾಗ ಕರೆ ಬರುತ್ತದೋ ಎಂದು ಅವಳು ಊರು ಬಿಟ್ಟು ಹೋಗುತ್ತಿರಲಿಲ್ಲ. ವರ್ಷಗಳಿಂದ ಅವಳು ಬೆನ್ನು ಗೋಡೆಗೆ ಕೊಟ್ಟು ಕೂತದ್ದನ್ನು ನಾನು ಕಂಡಿರಲಿಲ್ಲ. ಆ ಮಧ್ಯಾಹ್ನವನ್ನು ಅವಳಿಗೆ ಕೊಡಿಸಲೇಬೇಕು ಎಂದು ಅವತ್ತೇ ಪಟ್ಟು ಹಿಡಿದೆ.

ಮೊದಲ ಸಭೆ ಹೊನ್ನಾಳಿಯಲ್ಲಿ, ಹೊಳೆಯ ಕಡೆಗೆ ಕಿಟಕಿಯಿದ್ದ ಒಂದು ಕೋಣೆಯಲ್ಲಿ. ತಾಲ್ಲೂಕಿಗೊಬ್ಬರಂತೆ ನಾಲ್ವರಿದ್ದೆವು. ಹೊನ್ನಾಳಿಯವರು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನನ್ನಂತೆ ಗುಳಿಗೆ ನುಂಗುವವರು. ನ್ಯಾಮತಿಯ ಕಡೆಯಿಂದ ಬಂದಾಕೆ ಸೂರಗೊಂಡನಕೊಪ್ಪದ ಹತ್ತಿರದ ತಾಂಡಾದವರು, ಮಗಳನ್ನು ನೋಡಿಕೊಳ್ಳುತ್ತಾರೆ. ಜಗಳೂರಿನವರದ್ದು ರಸ್ತೆ ಬದಿಯ ಪಂಕ್ಚರ್ ಅಂಗಡಿ, ಹೆಂಡತಿಯನ್ನು ನೋಡಿಕೊಳ್ಳುತ್ತಾರೆ. ನಮ್ಮೆದುರಿಗೆ ಡಾಕ್ಟರು, ಅವರ ಪಕ್ಕದಲ್ಲಿ ಮನೆಮನೆಗೂ ಹೋಗಿ ಪ್ರಶ್ನೆ ಕೇಳಿ ಬಂದಿದ್ದ ಸಂಶೋಧಕ. ಮೈಸೂರಿನವನು, ಮದುವೆಯಾಗಿ ಎರಡು ಮಕ್ಕಳಿದ್ದ ಮೃದು ಮಾತಿನ ಗಂಡಸು. ಚಹಾ ಬಂತು, ಬಿಸ್ಕತ್ತು ಬಂತು. ಆಮೇಲೆ ಅವನು ಎದ್ದು ನಿಂತು ಮೊದಲ ಸುತ್ತಿನಲ್ಲಿ ಕಂಡುಬಂದದ್ದನ್ನು ಓದಿದ. ಈ ಭಾಗದಲ್ಲಿ ಕುಟುಂಬದ ಬಾಂಧವ್ಯ ಗಟ್ಟಿಯಾಗಿದೆ; ಕಾಯಿಲೆಯವರನ್ನು ನೋಡಿಕೊಳ್ಳುವವರಲ್ಲಿ ಬೇಜಾರಾಗಲಿ ಹೊರೆಯ ಭಾವನೆಯಾಗಲಿ ಹೆಚ್ಚಾಗಿ ಕಂಡುಬಂದಿಲ್ಲ; ಅವರಿಗೆ ಪ್ರತ್ಯೇಕ ಬೆಂಬಲದ ಅಗತ್ಯ ಇದ್ದಂತಿಲ್ಲ.

ಓದಿ ಮುಗಿಸಿ ನಮ್ಮ ಕಡೆ ನೋಡಿ ನಕ್ಕ. ನಮಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದನೋ ಏನೋ.

ನಾನು ಬಿಸ್ಕತ್ತು ಕೈಯಲ್ಲಿ ಹಿಡಿದು ಹಾಗೇ ಕೂತೆ. ಅವನು ನಮ್ಮ ಮನೆಗೂ ಬಂದಿದ್ದ. ಅವತ್ತು ಅಕ್ಕ ಚಹಾ ಸೋಸುತ್ತಿದ್ದಳು, ನಾನು ಪಕ್ಕದಲ್ಲೇ ಇದ್ದೆ. ಅವನು ಹಾಳೆ ನೋಡಿಕೊಂಡು, “ಇತ್ತೀಚೆಗೆ ನಿಮಗೆ ಬೇಜಾರಾಗಿದೆಯಾ?” ಎಂದು ಕೇಳಿದ. ಅಕ್ಕ ಗಾಬರಿಯಿಂದ ಲೋಟ ಕೆಳಗಿಟ್ಟು, “ಅಯ್ಯೋ, ಬೇಜಾರ್ ಯಾಕ್ರಿ? ನೀವು ಬಂದಿದ್ದು ಬಾಳ ಸಂತೋಷ. ಕೂಡ್ರಿ, ಕೂಡ್ರಿ” ಎಂದಿದ್ದಳು. ಅವನು ‘ಇಲ್ಲ’ ಎಂಬಲ್ಲಿ ಗುರುತು ಹಾಕಿಕೊಂಡ.

ನಮ್ಮ ಕಡೆ ಬೇಜಾರು ಎಂದರೆ ಒಬ್ಬರ ಮೇಲೆ ಒಬ್ಬರು ಮಾಡಿಕೊಳ್ಳುವಂಥದ್ದು. ಮದುವೆಗೆ ಬರದಿದ್ದರೆ ಬೇಜಾರ್ ಮಾಡ್ಕಬ್ಯಾಡ್ರಿ ಅನ್ನುತ್ತೇವೆ. ಹೊರಗಿನವರೊಬ್ಬರು ಮನೆಯೊಳಗೆ ಕೂತು ಬೇಜಾರಾಯ್ತಾ ಎಂದು ಕೇಳಿದರೆ, ನನ್ನ ಮೇಲೆ ಸಿಟ್ಟೇ ಎಂದು ಕೇಳಿದ ಹಾಗೆ. ಮರ್ಯಾದಸ್ಥರ ಮನೆಯಲ್ಲಿ ಅದಕ್ಕೆ ಒಂದೇ ಉತ್ತರ. ಆ ಉತ್ತರವನ್ನು ನಾಲ್ಕೂ ತಾಲ್ಲೂಕಿನ ಜನ ಬಾಯಿ ತುಂಬಾ ಕೊಟ್ಟು, ಚಹಾ ಕುಡಿಸಿ ಕಳಿಸಿದ್ದರು.

ನಾನು ಇದನ್ನು ಹೇಳಿದೆ. ಮೆಲ್ಲಗೆ ಹೇಳಬೇಕೆಂದೇ ಬಾಯಿ ತೆರೆದದ್ದು, ಆದರೆ ನನ್ನ ದನಿ ನನ್ನ ಮಾತು ಕೇಳುವುದಿಲ್ಲ.

ತಾಂಡಾದಾಕೆ ಸೆರಗು ಬಾಯಿಗಿಟ್ಟುಕೊಂಡು ನಗಲು ಶುರುಮಾಡಿದರು. “ನನ್ನ ಕೇಳಿದ್ರು, ಹೊರೆ ಅನ್ಸುತ್ತಾ ಅಂತ. ನಾನು, ಹೊರೆ ಹೊರಾದು ಬಿಟ್ಟು ಬಾಳ ದಿನಾತು ಸಾರ್, ಸೊಂಟ ಹಿಡ್ಕತೈತೆ, ಈಗ ಹುಲ್ಲು ಗಾಡ್ಯಾಗೆ ಬರ್ತೈತೆ ಅಂದೆ.”

ಪಂಕ್ಚರ್ ಅಂಗಡಿಯವರು ನಗಲಿಲ್ಲ. “ನನ್ನ ಕೇಳುವಾಗ ಆಕಿ ಎದುರಿಗೇ ಕುಂತಿದ್ಲು,” ಎಂದರು. “ಕಷ್ಟ ಆಗ್ತೈತಾ ಅಂದ್ರೆ ನಾನು ಏನಂತ ಹೇಳ್ಲಿ? ಆಕಿ ಮುಖ ನೋಡ್ಕೊಂಡು?”

ಡಾಕ್ಟರು ಪೆನ್ನು ಕೆಳಗಿಟ್ಟರು. ಇವು ಬೇರೆ ಬೇರೆ ಕಡೆ ಕೇಳುವ ಪ್ರಶ್ನೆಗಳು, ನಿಯಮದ ಪ್ರಕಾರವೇ ಕನ್ನಡಕ್ಕೆ ತಂದಿದ್ದೇವೆ, ಒಂದೊಂದು ಊರಿಗೆ ಒಂದೊಂದು ಪದ ಬದಲಾಯಿಸಿದರೆ ಹೋಲಿಸಿ ನೋಡಲು ಆಗುವುದಿಲ್ಲ, ಅಳತೆಗೋಲೇ ಬೇರೆಯಾಗಿಬಿಡುತ್ತದೆ ಎಂದರು. ಅವರ ಮಾತು ಸುಳ್ಳಲ್ಲ. ಅದು ಗೊತ್ತಾಗುತ್ತಲೇ ನನಗೆ ಸಿಟ್ಟು ಇನ್ನೂ ಏರಿತು.

“ಕೋಲು ಸರಿ ಐತೆ ಡಾಕ್ಟ್ರೇ. ನೀವು ಅದ್ರಾಗೆ ಅಳೆದಿದ್ದು ನಮ್ಮ ಮರ್ಯಾದೆನ, ನಮ್ಮ ದುಃಖಾನ ಅಲ್ಲ. ನಮ್ಮನ್ನ ಪಾಲುದಾರ್ರು ಅಂತ ಕರೆದ್ರಿ. ಬಿಸ್ಕತ್ತು ತಿಂದು ಹೋಗಾಕೆ ಬಂದೀವಾ?” ಮೇಜಿನ ಮೇಲೆ ಕೈ ಬಡಿದೆನೆಂದು ಆಮೇಲೆ ಕಂಡಕ್ಟರ್ ಹೇಳಿದರು. ನನಗೆ ನೆನಪಿಲ್ಲ.

ಡಾಕ್ಟರು ನನ್ನನ್ನೇ ನೋಡಿದರು. ಆಮೇಲೆ ಮೆತ್ತನೆಯ ದನಿಯಲ್ಲಿ, “ನಿಮಗೆ ನಿದ್ದೆ ಸರಿಯಾಗಿ ಆಗ್ತಿದೆಯಾ?” ಎಂದು ಕೇಳಿದರು.

ಈ ಪ್ರಶ್ನೆ ನನಗೆ ಹೊಸದಲ್ಲ. ಅಂಗಡಿಯಲ್ಲಿ ಗಿರಾಕಿಯೊಬ್ಬ ತಪ್ಪು ಹೆಸರು ಬರೆದುಕೊಟ್ಟು ನನ್ನನ್ನೇ ಬೈದಾಗ ನಾನು ತಿರುಗಿ ಬೈದರೆ, ಮಾಲೀಕರು ಮನೆಗೆ ಫೋನ್ ಮಾಡಿ ಗುಳಿಗೆ ಕೊಟ್ಟಿದ್ದೀರಾ ಎಂದು ಅಕ್ಕನನ್ನು ವಿಚಾರಿಸುತ್ತಾರೆ. ಬೇರೆಯವರ ಸಿಟ್ಟು ಸಿಟ್ಟು. ನನ್ನ ಸಿಟ್ಟು ಮಾತ್ರ ಕಾಯಿಲೆಯ ಲಕ್ಷಣ. ಇಷ್ಟು ವರ್ಷ ಅದನ್ನು ನುಂಗಿಕೊಂಡಿದ್ದೇನೆ, ಗುಳಿಗೆಯ ಜೊತೆಗೇ. ಅವತ್ತು ಗಂಟಲಲ್ಲಿ ಇಳಿಯಲಿಲ್ಲ, ಆದರೆ ಬಾಯಿಗೂ ಬರಲಿಲ್ಲ. ಅಳು ಬಂತು.

ಕಂಡಕ್ಟರ್ ಟಿಕೆಟ್ ಕೇಳುವಷ್ಟೇ ಸಲೀಸಾಗಿ ಕೇಳಿದರು: “ಡಾಕ್ಟ್ರೇ, ಕೋಲಿನ ವಿಷ್ಯ ಹೇಳುವಾಗ ನಿಮ್ಗೂ ಸಿಟ್ಟು ಬಂದಿತ್ತು. ನಿಮ್ಗೆ ನಿದ್ದೆ ಹೆಂಗೆ ಆಗ್ತೈತಿ?”

ಡಾಕ್ಟರ ಮುಖ ಕೆಂಪಾಯಿತು. “ಕಡಿಮೆ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನಾನು ಹಾಗೆ ಕೇಳಬಾರದಿತ್ತು. ನೀವು ಹೇಳ್ತಾ ಇದ್ದದ್ದನ್ನ ಪೂರ್ತಿ ಹೇಳಿ” ಎಂದರು. ಅವರ ಬಗ್ಗೆ ನನಗಿರುವ ಗೌರವ ಶುರುವಾದದ್ದು ಆ ಹೊತ್ತಿನಿಂದ.

ಪೂರ್ತಿ ಹೇಳಿದೆ. ಮೈಸೂರಿನ ಸಂಶೋಧಕ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದ. “ನಮ್ಮ ಮನೆಯಲ್ಲಿ ಬೇಜಾರು ಅಂದ್ರೆ ಮನಸ್ಸಿಗೆ ನೋವಾಗಿದೆ ಅಂತ್ಲೇ ಕಣ್ರೀ,” ಎಂದ. “ನಮ್ಮಮ್ಮ ಬೇಜಾರು ಅಂದ್ರೆ ಅವತ್ತು ಒಲೆ ಹಚ್ಚಲ್ಲ.” ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಅವನ ಪದವೂ ಸರಿ, ನಮ್ಮ ಪದವೂ ಸರಿ. ನಡುವೆ ಒಂದು ಹಾಳೆಯ ಗುರುತು ತಪ್ಪಾಗಿ ಕೂತಿತ್ತು.

ಸಂಜೆಯ ಹೊತ್ತಿಗೆ ಒಂದು ತೀರ್ಮಾನವಾಯಿತು. ಹಳೆಯ ಪ್ರಶ್ನೆಗಳು ಹಾಗೇ ಇರಲಿ. ಅವುಗಳ ಜೊತೆಗೆ ಪಾಲುದಾರರು ಹೇಳಿದ ಪದದಲ್ಲಿ ಒಂದು ಪ್ರಶ್ನೆ ಸೇರಿಸಿ, ನಾಲ್ಕೂ ತಾಲ್ಲೂಕಿನ ಕೆಲವು ಮನೆಗಳಿಗೆ ಮತ್ತೆ ಹೋಗೋಣ. ನೋಡಿಕೊಳ್ಳುವವರನ್ನು ಬೇರೆಯಾಗಿ ಕೂರಿಸಿ ಕೇಳೋಣ. “ಆಗಲೂ ಉತ್ತರ ಇದೇ ಬಂದರೆ ಯೋಜನೆ ನಿಲ್ಲುತ್ತೆ. ಅದಕ್ಕೆ ನೀವು ಒಪ್ಪಬೇಕು,” ಎಂದರು ಡಾಕ್ಟರು. ಒಪ್ಪಿದೆ. ಒಪ್ಪದೆ ದಾರಿಯೂ ಇರಲಿಲ್ಲ. ಮನೆಗೆ ಹೋಗಿ ಮೈಸೂರು ಕಡೆಯ ಬೇಜಾರಿನ ಕಥೆಯನ್ನು ಅಕ್ಕನಿಗೂ ಹೇಳಿದೆ.

ಪದ ಹುಡುಕುವುದು ನನ್ನ ಕೈಲಾಗುವ ಕೆಲಸ ಎಂಬ ಜಂಬ ನನಗಿತ್ತು. ದಿನವಿಡೀ ಪದಗಳ ಜೊತೆಯೇ ಇರುವವಳಲ್ಲವೇ. ‘ಸಂಕಟ’ ಎಂದು ಕೇಳೋಣ ಎಂದೆ. ಉಬ್ರಾಣಿಯ ಒಂದು ಮನೆಯಲ್ಲಿ ಸಂಶೋಧಕ ಹಾಗೇ ಕೇಳಿದ, ನಾನು ಜೊತೆಯಲ್ಲಿದ್ದೆ. ತಮ್ಮನನ್ನು ನೋಡಿಕೊಳ್ಳುತ್ತಿದ್ದ ಆ ಮನೆಯ ಹೆಂಗಸು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, “ಹ್ಞೂಂ ರೀ, ಉಂಡ ಮ್ಯಾಲೆ ಬಾಳ ಸಂಕಟ ಆಗ್ತೈತೆ, ಮಜ್ಜಿಗೆ ಕುಡಿದ್ರೆ ಕಮ್ಮಿ” ಎಂದು ನನ್ನ ಕಡೆ ತಿರುಗಿ ಒಳ್ಳೆ ಗುಳಿಗೆ ಇದ್ದರೆ ಹೇಳಿ ಎಂದರು. ಸಂಶೋಧಕ ನನ್ನ ಮುಖ ನೋಡದೆ ಬರೆದುಕೊಂಡ. ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ನಕ್ಕೆವು, ಅವನು ಸ್ವಲ್ಪ ಹೆಚ್ಚೇ ನಕ್ಕ.

‘ಸಾಕಾಗಿದೆಯಾ’ ಎಂದು ಕೇಳಿ ನೋಡೋಣ ಎಂದವರು ಜಗಳೂರಿನವರು. ಅದಕ್ಕೆ ಹೊನ್ನಾಳಿಯ ಒಬ್ಬ ತಾಯಿ ಎದ್ದೇ ನಿಂತರಂತೆ. “ಹೆತ್ತ ಮಗ ಸಾಕಾಗ್ತಾನೇನ್ರೀ? ಇದ್ನ ಕೇಳಾಕೆ ಬಂದ್ರಾ?” ಎಂದು ಬಾಗಿಲು ತೋರಿಸಿದರಂತೆ. ಕಂಡಕ್ಟರ್ ಇದನ್ನು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೇಳಿ, ನಾನೂ ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದೆ ಎಂದು ಸೇರಿಸಿದರು. ನಗು ಬಂತು, ಆಮೇಲೆ ಹೆದರಿಕೆಯಾಯಿತು. ಮನೆಗಳು ಮುಗಿಯುತ್ತಾ ಬಂದಿದ್ದವು, ನಮ್ಮ ಕೈಯಲ್ಲಿ ಪ್ರಶ್ನೆಯೇ ಇರಲಿಲ್ಲ. ಇನ್ನು ಹೀಗೇ ಆದರೆ ಅಕ್ಕನ ಮಧ್ಯಾಹ್ನ ಹೋದಂತೆಯೇ.

ಜಗಳೂರಿನಲ್ಲಿ ಸೇರಿದ ದಿನ ಬಿಸಿಲು ಜೋರಿತ್ತು. ಪಂಕ್ಚರ್ ಅಂಗಡಿಯ ನೆರಳಿನಲ್ಲಿ ಹಳೆಯ ಟೈರುಗಳ ಮೇಲೆ ನಾವು ಕೂತಿದ್ದೆವು. ಅವರ ಹೆಂಡತಿ ಒಳಗಿನಿಂದ ನೀರು ತಂದುಕೊಟ್ಟು, ಯಾರ ಜೊತೆಗೂ ಮಾತನಾಡದೆ ವಾಪಸು ಹೋದರು. ತಾಂಡಾದಾಕೆಯ ಹಳೆಯ ಚೀಲದ ಮೇಲಿದ್ದ ಕಸೂತಿಯನ್ನು ನೋಡಿ, ಇದು ನೀವೇ ಹಾಕಿದ್ದಾ ಎಂದು ನಾನು ಸುಮ್ಮನೆ ಕೇಳಿದೆ. ಕನ್ನಡಿ ಚೂರು, ಕವಡೆ, ಕೆಂಪು ಹಳದಿ ದಾರ. ನೋಡುತ್ತಲೇ ಇರಬೇಕು ಎನ್ನಿಸುವ ಕೆಲಸ.

“ನಾನೇ ಹಾಕಿದ್ದು. ಈಗ ಬಿಟ್ಟೀನಿ.”

“ಯಾಕೆ, ಕಣ್ಣು ಕಾಣಂಗಿಲ್ವಾ?”

“ಕಣ್ಣು ಚೆನ್ನಾಗೇ ಅದಾವೆ. ಮಗಳು ಒಂದ್ಸಲ ಸೂಜಿ ತಗಂಡು ಕೈಗೆ ಚುಚ್ಕಂಡ್ಲು. ಆವತ್ತಿಂದ ಸೂಜಿ ಮನ್ಯಾಗೆ ಇಡಂಗಿಲ್ಲ. ಸೂಜಿ ಇಲ್ಲ ಅಂದ್ ಮ್ಯಾಲೆ ಕಸೂತಿ ಎಲ್ಲಿ ಹಾಕಲಿ?”

ಅವರು ಇದನ್ನು ಅಳುತ್ತಾ ಹೇಳಲಿಲ್ಲ. ಅಂಗಡಿಯಲ್ಲಿ ಉಪ್ಪು ಇಲ್ಲ ಎಂದು ಹೇಳುವಂತೆ ಹೇಳಿದರು. ಸಂಶೋಧಕ ಅವರ ಕಡೆ ಬಾಗಿ ಕೇಳಿದ: “ಮತ್ತೆ ಏನು ಬಿಟ್ರಿ ಅಮ್ಮ?”

ಆಕೆ ಆಕಾಶ ನೋಡಿ ಯೋಚಿಸಿದರು. ತೌರಿಗೆ ಹೋಗಾದು ಬಿಟ್ಟೆ, ಎಂದರು. ತಾಂಡಾದ ಹೆಣ್ಣುಮಕ್ಕಳ ಜೊತೆ ಕುಣಿಯಾದು ಬಿಟ್ಟೆ. ಬಿಸಿ ಇರುವಾಗ ಉಣ್ಣಾದು ಬಿಟ್ಟೆ. ಅಷ್ಟರಲ್ಲಿ ಪಂಕ್ಚರ್ ಅಂಗಡಿಯವರು, ಕೈಯಲ್ಲಿದ್ದ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಾ, ಯಾರೂ ಕೇಳದೆಯೇ ಹೇಳಿದರು: “ನಾನು ಕೋಣೆ ಬಾಗ್ಲು ಹಾಕ್ಕಂಡು ಮಲಗಾದು ಬಿಟ್ಟೆ. ಆಕಿ ಎದ್ದು ಹೋದ್ರೆ ಗೊತ್ತಾಗ್ಬೇಕಲ್ಲ. ನಾನು ಹೊರಬಾಗ್ಲಿಗೇ ಅಡ್ಡ ಮಲಗ್ತೀನಿ.” ಟ್ಯೂಬಿನಿಂದ ಗುಳ್ಳೆ ಬರುತ್ತಲೇ ಇದ್ದವು, ತೂತು ಎಲ್ಲಿದೆ ಎಂದು ಅವರು ನೋಡುತ್ತಿರಲಿಲ್ಲ.

ನಮ್ಮ ಪ್ರಶ್ನೆ ಸಿಕ್ಕಿದ್ದು ಹಾಗೆ. ಇವರನ್ನು ನೋಡಿಕೊಳ್ಳಲು ಶುರುಮಾಡಿದ ಮೇಲೆ ನೀವು ಏನೇನು ಬಿಟ್ಟಿರಿ? ನಾನು ಹುಡುಕುತ್ತಿದ್ದದ್ದು ದುಃಖಕ್ಕೆ ಒಂದು ಒಳ್ಳೆ ಹೆಸರನ್ನು. ಅದನ್ನು ಹೆಸರು ಹಿಡಿದು ಕರೆದರೆ ನಮ್ಮ ಜನ ಇಲ್ಲ ಅನ್ನುತ್ತಾರೆ. ಏನು ಬಿಟ್ಟಿರಿ ಎಂದು ಕೇಳಿದರೆ ಯಾರ ಮೇಲೂ ದೂರು ಹೇಳಿದಂತೆ ಆಗುವುದಿಲ್ಲ, ಹೇಳುತ್ತಾರೆ. ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದೆವು. ಅವರು ಪ್ರಶ್ನೆಯನ್ನು ಎರಡು ಸಲ ಹೇಳಿಸಿಕೊಂಡು, “ಇದು ನನಗೆ ಹೊಳೆಯುತ್ತಿರಲಿಲ್ಲ” ಎಂದರು. ನನಗೂ ಹೊಳೆದಿರಲಿಲ್ಲ, ಅದನ್ನೂ ಹೇಳಿದೆ.

ಅಲ್ಲಿಂದ ಮುಂದೆ ಮನೆಗಳಲ್ಲಿ ಮಾತು ನಿಲ್ಲುತ್ತಿರಲಿಲ್ಲ. ನಮಗೆ ನಾವೇ ಒಂದು ನಿಯಮ ಮಾಡಿಕೊಂಡೆವು: ಯಾವ ಪಾಲುದಾರರೂ ತಮ್ಮ ಮನೆಯವರ ಉತ್ತರ ಕೇಳಬಾರದು, ಯಾರೂ ಅದನ್ನು ಅವರಿಗೆ ಹೇಳಬಾರದು. ಈ ನಿಯಮಕ್ಕೆ ಎಲ್ಲರಿಗಿಂತ ಜೋರಾಗಿ ವಾದ ಮಾಡಿದವಳು ನಾನೇ. ಹಾಗಾಗಿ ನಮ್ಮ ಮನೆಯ ಸರದಿ ಬಂದಾಗ ಬಾಯಿ ಮುಚ್ಚಿಕೊಂಡು ಎದ್ದು ಹೋಗಬೇಕಾಯಿತು. ಅಕ್ಕನನ್ನು ಕೇಳಲು ಸಂಶೋಧಕ ಒಳಗೆ ಬಂದ, ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಕೋಟೆಯ ಕಡೆ ನಡೆದೆ, ವಾಪಸು ಬಂದೆ, ಗಾಡಿಯ ಹತ್ತಿರ ನಿಂತು ಮಂಡಕ್ಕಿ ಮಿರ್ಚಿ ತಿಂದೆ, ಇನ್ನೂ ಮುಗಿದಿರಲಿಲ್ಲ. ಅಷ್ಟು ಹೊತ್ತು ಅಕ್ಕ ಏನು ಮಾತನಾಡುತ್ತಿದ್ದಾಳೆ? ನನಗಾಗಿ ಬಿಟ್ಟದ್ದನ್ನು ನನಗೇ ಗೊತ್ತಿಲ್ಲದಂತೆ ಇಷ್ಟು ವರ್ಷ ಇಟ್ಟುಕೊಂಡಿದ್ದಾಳೆ, ಈಗ ಮೈಸೂರಿನವನೊಬ್ಬನಿಗೆ ಹೇಳುತ್ತಿದ್ದಾಳೆ. ಹೊಟ್ಟೆಕಿಚ್ಚಾಯಿತು ಎಂದರೂ ಸರಿ.

ಅವನು ಹೋದ ಮೇಲೆ ಒಳಗೆ ಬಂದು ಕೇಳಿದೆ. “ಏನ್ ಹೇಳ್ದೆ?”

“ಕೇಳಿದ್ದಕ್ಕೆ ಹೇಳ್ದೆ.”

“ಅದೇ, ಏನು?”

“ನಿಯಮ ಮಾಡಿದ್ದು ಯಾರು?” ಎಂದು ಅಕ್ಕ ಲೋಟ ತೊಳೆಯಲು ಎದ್ದು ಹೋದಳು.

ಉತ್ತರಗಳನ್ನೆಲ್ಲ ಒಟ್ಟುಗೂಡಿಸಿದ ದಿನ ನಾವು ಮತ್ತೆ ಹೊನ್ನಾಳಿಯ ಅದೇ ಕೋಣೆಯಲ್ಲಿ ಸೇರಿದೆವು. ಈ ಸಲ ಮೇಜಿನ ಆಚೆ ಈಚೆ ಎಂದಿರಲಿಲ್ಲ, ಸುತ್ತ ಕೂತಿದ್ದೆವು. ಯಾವ ಮನೆ ಎಂದು ಹೇಳದೆ ಡಾಕ್ಟರೇ ಓದಿದರು. ಬಿಟ್ಟ ಕೆಲಸ, ಬಿಟ್ಟ ಊರು, ಬಿಟ್ಟ ಗೆಳತಿಯರು, ಬಿಟ್ಟ ಹಬ್ಬದೂಟ. ಅದರಲ್ಲಿ ಅಕ್ಕನದು ಯಾವುದು ಎಂದು ನಾನು ಹುಡುಕುತ್ತಿದ್ದೆ, ಸಿಗಲಿಲ್ಲ. ಕೊನೆಗೆ ಅವರು ಹಳೆಯ ತೀರ್ಮಾನವನ್ನು ಹೊಡೆದು ಹಾಕಿದರು. ಮೊದಲ ಸುತ್ತಿನ ಪ್ರಶ್ನೆ ಇಲ್ಲಿನ ಮಾತಿಗೆ ಹೊಂದದೆ ತಪ್ಪು ಉತ್ತರ ತಂದಿತು ಎಂಬುದನ್ನೂ ವರದಿಯಲ್ಲಿ ಬರೆಯುತ್ತೇನೆ, ಮುಚ್ಚಿಡುವುದಿಲ್ಲ ಎಂದರು. ಬಿಡುವಿನ ಮಧ್ಯಾಹ್ನದ ಯೋಜನೆ ನಡೆಯುತ್ತದೆ ಎಂದರು. ಕಂಡಕ್ಟರ್ ಬಾಯಲ್ಲಿ ಸೀಟಿ ಊದಿ “ರೈಟ್” ಎಂದರು.

ನಮ್ಮ ಮನೆಗೆ ಬಂದು ಕೂರಲು ನೇಮಕವಾದವರು ಎರಡು ಬೀದಿ ಆಚೆಯ ಒಬ್ಬ ಹೆಂಗಸು, ಅಂಗನವಾಡಿಯಲ್ಲಿ ಕೆಲಸ ಮಾಡಿ ಬಿಟ್ಟವರು. ಅಂಗಡಿಗೆ ರಜೆ ಇದ್ದ ಮಧ್ಯಾಹ್ನ ಬಂದರು. ನನ್ನನ್ನು ಕಾಯಲು ಬಂದವರಿಗೆ ಹೇಗೆ ಮುಖ ತೋರಿಸಬೇಕೆಂದು ತಿಳಿಯದೆ ನಾನು ಸಿಂಡರಿಸಿಕೊಂಡು ಕೂತೆ. ಅಕ್ಕ ಪೆಟ್ಟಿಗೆಯಿಂದ ಹಸಿರು ಇಳಕಲ್ ಸೀರೆ ತೆಗೆದು ಉಟ್ಟಳು. ಅದನ್ನು ಅವಳು ಉಟ್ಟದ್ದು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಬಸವಾಪಟ್ಟಣಕ್ಕೆ ಹೋಗಿ ಸಂಜೆ ಬಸ್ಸಿಗೆ ಬರುತ್ತೇನೆ ಎಂದಳು. ಹೊಸಿಲಲ್ಲಿ ನಿಂತು ನನ್ನನ್ನೊಮ್ಮೆ, ಆ ಹೆಂಗಸನ್ನೊಮ್ಮೆ ನೋಡಿದಳು. ಇನ್ನೇನು ಹೋಗುವುದಿಲ್ಲ ಎನ್ನುತ್ತಾಳೆ ಎನ್ನಿಸಿತು.

“ಹೋಗಕ್ಕ,” ಎಂದೆ. “ಬಸ್ಸು ಹೋಗ್ತೈತೆ.”

ಬಂದಾಕೆ ನನ್ನ ಜೊತೆ ಸ್ವಲ್ಪ ಹೊತ್ತು ಮಾತನಾಡಿ, ಫ್ಯಾನಿನ ಕೆಳಗೆ ಗೋಡೆಗೊರಗಿ ನಿದ್ದೆ ಹೋದರು. ನನ್ನನ್ನು ನೋಡಿಕೊಳ್ಳಲು ಬಂದವರಿಗೆ ನಾನೇ ದಿಂಬು ಕೊಟ್ಟೆ. ಎದ್ದ ಮೇಲೆ ಬಹಳ ಪೇಚಾಡಿದರು, ಡಾಕ್ಟರಿಗೆ ಹೇಳಬೇಡಿ ಎಂದರು. ಹೇಳುವುದಿಲ್ಲ, ಚಹಾ ಮಾಡಿಕೊಡಿ ಎಂದೆ. ಅವರ ಕೈಯ ಚಹಾ ನಮ್ಮ ಮನೆಯದಕ್ಕಿಂತ ಚೆನ್ನಾಗಿತ್ತು. ಇದನ್ನು ಅಕ್ಕನಿಗೆ ಇವತ್ತಿಗೂ ಹೇಳಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಕ್ಕ ಬಂದಳು. ಮುಡಿಯಲ್ಲಿ ಯಾರೋ ಮುಡಿಸಿದ ಸೇವಂತಿಗೆ ಇತ್ತು. ಭಾವ ಹೋದ ಮೇಲೆ ಅವಳ ತಲೆಯಲ್ಲಿ ಹೂ ಕಂಡದ್ದು ಅದೇ ಮೊದಲು. ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಕೆಮ್ಮಿ, ನೀರು ಕುಡಿದು, ಮತ್ತೆ ಪ್ರಯತ್ನಿಸಿದಳು. ಗಂಟಲು ಪೂರ್ತಿ ಕಟ್ಟಿತ್ತು.

“ಏನಾತೇ? ನೆಗಡಿನಾ?”

“ಹಾಡಿದ್ವಿ,” ಎಂದಳು ಒಡೆದ ದನಿಯಲ್ಲಿ. “ಅಲ್ಲಿ ಒಬ್ಬಾಕಿ ಮಗಳಿಗೆ ಅರಿಶಿಣ ಹಚ್ಚಾದಿತ್ತು. ಹಳೇರೆಲ್ಲ ಸೇರಿದ್ರು. ಸೋಬಾನೆ ಹೇಳು ಅಂದ್ರು. ನಾನು ಬರಂಗಿಲ್ಲ ಅಂದೆ. ಬಿಡ್ಲಿಲ್ಲ. ಸುರು ಮಾಡಿದ್ ಮ್ಯಾಲೆ ಎಲ್ಲಾ ಬಂತು.”

ನನ್ನ ಅಕ್ಕ ಹಾಡುತ್ತಿದ್ದಳು. ನನಗೆ ಅದು ಮರೆತೇ ಹೋಗಿತ್ತು. ಮದುವೆ ಮನೆಗಳಿಗೆ ಅವಳನ್ನು ಕರೆದುಕೊಂಡು ಹೋಗಲು ಬಸವಾಪಟ್ಟಣದಲ್ಲಿ ಜನ ಬರುತ್ತಿದ್ದರು. ನಾನು ಚಿಕ್ಕವಳಿದ್ದಾಗ ಅವಳ ಮನೆಗೆ ಹೋದರೆ ಅವಳಿರುತ್ತಿರಲಿಲ್ಲ, ಹಾಡಲು ಹೋಗಿದ್ದಾಳೆ ಎನ್ನುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಒಂದು ದಿನವೂ ಹಾಡಲಿಲ್ಲ. ವಯಸ್ಸಾಯಿತು, ದನಿ ಹೋಯಿತು ಎಂದುಕೊಂಡಿದ್ದೆ. ನನ್ನ ತಲೆಯೊಳಗೆ ಆಗಲೇ ಅಷ್ಟು ದನಿಗಳಿದ್ದವು, ಮನೆಯಲ್ಲಿ ಇನ್ನೊಂದು ಬೇಡವೆಂದು ಅವಳು ತನ್ನದನ್ನು ನಿಲ್ಲಿಸಿದ್ದ ಸಂಗತಿ ನನಗೆ ಆ ಹೊತ್ತು ತಿಳಿಯಿತು. ಏನು ಬಿಟ್ಟಿರಿ ಎಂಬುದಕ್ಕೆ ಅವಳು ಮೈಸೂರಿನವನಿಗೆ ಏನು ಹೇಳಿದ್ದಳೆಂದು ಕೇಳುವ ಅಗತ್ಯ ಇನ್ನಿರಲಿಲ್ಲ.

ಅಕ್ಕ ಹತ್ತಿರ ಬಂದು ಕೂತಳು. ಗೋಡೆಗೆ ಬೆನ್ನು ಕೊಟ್ಟು ಕೂತಳು. ನನ್ನ ಮುಖ ನೋಡಿ, ಆ ಕಟ್ಟಿದ ದನಿಯಲ್ಲಿ ಕೇಳಿದಳು:

“ಬೇಜಾರಾತೇನೇ?”

ಬೇಜಾರ್ ಯಾಕಕ್ಕ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ದಿನ ಊರೂರು ತಿರುಗಿದ್ದು ಆ ಉತ್ತರವನ್ನು ಓಡಿಸಲಿಕ್ಕೆ. ನನ್ನ ಮನೆಯಲ್ಲೇ ಅದನ್ನು ಹೇಳಲಾರೆ ಎನ್ನಿಸಿತು.

“ನಮ್ಮ ಕಡೆ ಬೇಜಾರು ಇಲ್ಲ,” ಎಂದೆ. “ಮೈಸೂರು ಕಡೇದು ಐತೆ. ಬಾಳ ಐತೆ.”

ಅಕ್ಕ ನನ್ನ ಕೈ ಹಿಡಿದುಕೊಂಡಳು. ಆಮೇಲೆ, “ನಂಗೂ ಇತ್ತು ಕಣೇ” ಎಂದಳು.

ಅವತ್ತು ಸಂಜೆ ಅವಳು ಗುಳಿಗೆಯ ಮಾತೆತ್ತಲಿಲ್ಲ. ನಾನೇ ಎದ್ದು, ಅವಳ ಎದುರಿಗೆ ನುಂಗಿ, ಖಾಲಿ ಲೋಟ ತೋರಿಸಿದೆ. ಮುಂದಿನ ವಾರ ಯಾವ ಬಸ್ಸಿಗೆ ಹೋಗುತ್ತೀಯ ಎಂದು ಕೇಳಿದೆ.